ಬೇಸಿಗೆಯ ಬಿಡಾರಕ್ಕೆ ಎಷ್ಟು ಸಾಮಾನು?

ಏಪ್ರಿಲ್ ಬಂತೆಂದರೆ ಚಾರಣದ ಸಾಮಾನು ಮಾರುವ ಅಂಗಡಿಗಳಲ್ಲಿ ಕಂಡ ಕಂಡ ಡಬ್ಬಿಯ ಮೇಲೆಲ್ಲ ‘ಮಲ್ಟಿಪರ್ಪಸ್’ ಎಂಬ ಮಾತು. ಟಾರ್ಚೂ ನಾನೇ, ಫ್ಯಾನೂ ನಾನೇ, ಪವರ್‌ಬ್ಯಾಂಕೂ ನಾನೇ ಎನ್ನುವ ದೀಪ. ಮೈಮೇಲಿದ್ದರೆ ರೇನ್‌ಕೋಟು, ಬಿಚ್ಚಿ ಕಟ್ಟಿದರೆ ಟೆಂಟು ಎನ್ನುವ ಪಾಂಚೋ. ಮೊಣಕಾಲಿನ ಜಿಪ್ ಎಳೆದರೆ ಚಡ್ಡಿಯಾಗುವ ಪ್ಯಾಂಟು. ಚಮಚಕ್ಕೆ ಫೋರ್ಕಿನ ಹಲ್ಲು ಕೂರಿಸಿದ ಸ್ಪೋರ್ಕ್ ಎಂಬ ವಿಚಿತ್ರ ಬೇರೆ. ಐದು ಬೆರಳಲ್ಲಿ ಕಲಸಿ ಉಣ್ಣುವ ನಮಗೆ ಅದನ್ನು ಮಾರಲು ಹೊರಟವರ ಧೈರ್ಯ ಮೆಚ್ಚಬೇಕು. ಮಕ್ಕಳಿಗೆ ರಜೆ, ಕೈಗೆ ಸಿಕ್ಕಿರುವುದು ಒಂದು ಶನಿವಾರ, ಒಂದು ಭಾನುವಾರ. ಎಲ್ಲೋ ನೀರಿನ ಬದಿಯಲ್ಲಿ ಒಂದು ರಾತ್ರಿ ಕಳೆದು ಬರೋಣವೆಂದು ಹೊರಟ ಕುಟುಂಬ ಇವನ್ನೆಲ್ಲ ಬುಟ್ಟಿಗೆ ಹಾಕಿಕೊಂಡರೆ ಬಿಲ್ಲಿನಲ್ಲಿ ಸೊನ್ನೆಗಳು ಬೆಳೆಯುತ್ತವೆ, ಬೆನ್ನಿನ ಮೇಲೆ ಕಿಲೋಗಳು ಬೆಳೆಯುತ್ತವೆ.

ಬಹುಪಯೋಗಿ ಎನ್ನುವ ಯಾವ ವಸ್ತುವನ್ನೇ ಆಗಲಿ, ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದರ ಎರಡೂ ಕೆಲಸ ಒಂದೇ ಹೊತ್ತಿಗೆ ಬೇಕಾಗುತ್ತವೆಯೋ, ಬೇರೆ ಬೇರೆ ಹೊತ್ತಿಗೋ? ಹೊತ್ತು ಬೇರೆಯಾದರೆ ಅದು ನಿಜಕ್ಕೂ ಒಂದು ವಸ್ತುವಿನ ಭಾರ ಉಳಿಸುತ್ತದೆ. ಒಂದೇ ಹೊತ್ತಾದರೆ ಹಣ ಕೊಟ್ಟು ಅರ್ಧ ವಸ್ತು ತಂದಂತೆ. ರೇನ್‌ಕೋಟ್ ಟೆಂಟನ್ನೇ ನೋಡಿ. ಟೆಂಟು ತುರ್ತಾಗಿ ಬೇಕಾಗುವುದು ಮಳೆ ಬಂದಾಗ. ಅದನ್ನು ಮೈಯಿಂದ ಬಿಚ್ಚಿ ಕಟ್ಟುವಷ್ಟರಲ್ಲಿ ಕಟ್ಟುವವನು ತೊಪ್ಪೆಯಾಗಿರುತ್ತಾನೆ. ಕಟ್ಟಿ ಮುಗಿಸಿ ಒಳಗೆ ಕೂತ ಮೇಲೆ ಹೊರಗೆ ಹೋಗುವ ಅವಸರ ಬಂದರೆ ಮನೆಯನ್ನೇ ಹೊದ್ದುಕೊಂಡು ಹೋಗಬೇಕು.

ಈ ಅಳತೆಗೋಲು ಹಿಡಿದು ನೋಡಲು ಹೊನ್ನೇಮರಡುವಿನಂಥ ಜಾಗ ಬೇರೆ ಇಲ್ಲ. ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರಿನ ಅಂಚಿಗಿರುವ ಈ ಊರು, ಕಯಾಕ್ ಮತ್ತು ತೆಪ್ಪ ಕಲಿಸುವ ಸಾಹಸ ಕೇಂದ್ರದಿಂದಾಗಿ ಬೆಂಗಳೂರಿನವರಿಗೂ ಪರಿಚಿತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹರಡಿಕೊಂಡ ನೀರು ಇದು. ಪೂರ್ಣ ಮಟ್ಟ 1,819 ಅಡಿ. ಮಳೆಗಾಲದ ಕೊನೆಗೆ ಗುಡ್ಡಗಳ ಸೊಂಟದವರೆಗೆ ಬರುವ ನೀರು ಬೇಸಿಗೆಯಲ್ಲಿ ಇಳಿಯುತ್ತ ಹೋಗುತ್ತದೆ. ಆಗ ಕೆಂಪು ಮಣ್ಣಿನ ದಡಗಳು ಮೇಲೇಳುತ್ತವೆ, ದಿಬ್ಬಗಳು ದ್ವೀಪಗಳಾಗುತ್ತವೆ, ಅರವತ್ತು ವರ್ಷ ನೀರಲ್ಲಿ ನಿಂತ ಮರಗಳ ಬೊಡ್ಡೆಗಳು ಕರ್ರಗೆ ತಲೆ ಎತ್ತುತ್ತವೆ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಮಲೆನಾಡು. ಅಲ್ಲಿ ಬಿಸಿಲಿದೆ, ಗಾಳಿಯಿದೆ, ಸಂಜೆಯ ಗುಡುಗು ಮಳೆಯಿದೆ, ಗಟ್ಟಿ ನೆಲವಿದೆ, ನೀರಿದೆ, ಉಣ್ಣೆ ಹುಳುವೂ ಇದೆ. ಸಾಮಾನಿನ ಪರೀಕ್ಷೆಗೆ ಇನ್ನೇನು ಬೇಕು?

ಮೊದಲ ಪರೀಕ್ಷೆ ಬಿಸಿಲಿನದು. ಅಂಗಡಿಯಲ್ಲಿ ಸಿಗುವ ಚಾರಣದ ಟೆಂಟು ಮೂಲತಃ ಚಳಿಯ ದೇಶಗಳ ಕಲ್ಪನೆ. 1901ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಮೇಲೆ ಟೆಂಟು ಹೇರಿಕೊಂಡು ಸುತ್ತುವವರ ಸಂಘ ಕಟ್ಟಿದ ಥಾಮಸ್ ಹಿರಾಮ್ ಹೋಲ್ಡಿಂಗ್ ಎಂಬ ದರ್ಜಿಯನ್ನು ಹವ್ಯಾಸಿ ಬಿಡಾರದ ಪಿತಾಮಹ ಎನ್ನುತ್ತಾರೆ. ಅಲ್ಲಿಯವರ ತಲೆನೋವು ಬೆಚ್ಚಗಿರುವುದು ಹೇಗೆ ಎಂಬುದು. ನಮ್ಮದು ತದ್ವಿರುದ್ಧ. ಗುಮ್ಮಟದ ಆಕಾರದ ನೈಲಾನ್ ಟೆಂಟನ್ನು ಏಪ್ರಿಲ್ ತಿಂಗಳಲ್ಲಿ ಬಯಲಲ್ಲಿ ನಿಲ್ಲಿಸಿದರೆ ಬೆಳಗಿನ ಏಳೂವರೆಗೆಲ್ಲ ಒಳಗಿದ್ದವರು ತಾವಾಗಿಯೇ ಹೊರಗೆ ಬರುತ್ತಾರೆ, ಎಬ್ಬಿಸುವ ಕಷ್ಟವಿಲ್ಲ. ಮಧ್ಯಾಹ್ನದ ಹೊತ್ತು ಅದರೊಳಗೆ ನಾಯಿಯೂ ಮಲಗುವುದಿಲ್ಲ.

ಹಾಗಾಗಿ ನಮ್ಮ ಬೇಸಿಗೆಗೆ ನನ್ನ ಮೊದಲ ಓಟು ಟೆಂಟಿಗಲ್ಲ, ಟಾರ್ಪಾಲಿಗೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ್ದು ನಾಲ್ಕು ಜನಕ್ಕೆ ನೆರಳಾಗುತ್ತದೆ. ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಹೆಣಿಗೆಯದು ಸುಮಾರು ಒಂದು ಕಿಲೋ ತೂಗುತ್ತದೆ, ಸಿಲಿಕೋನ್ ಲೇಪಿಸಿದ ನೈಲಾನಿನದು ಅದರ ಅರ್ಧ. ಬೆಲೆ ಮಾತ್ರ ಹಲವು ಪಟ್ಟು. ಹಗಲು ಅದನ್ನು ತಲೆಗಿಂತ ಎತ್ತರಕ್ಕೆ, ನಾಲ್ಕೂ ಕಡೆ ಗಾಳಿಯಾಡುವಂತೆ ಚಪ್ಪಟೆಯಾಗಿ ಕಟ್ಟಬೇಕು. ಸಂಜೆ ಮೋಡ ಕಪ್ಪಾಗುತ್ತಿದ್ದಂತೆ ಗಾಳಿ ಬೀಸುವ ಕಡೆಯ ಎರಡು ಮೂಲೆಗಳನ್ನು ನೆಲಕ್ಕೆ ಇಳಿಸಿ ಕಟ್ಟಿದರೆ ಅದೇ ಬಟ್ಟೆ ಇಳಿಜಾರು ಮಾಡು. ಹಗಲಿನ ಕೆಲಸ ಬೇರೆ, ರಾತ್ರಿಯದು ಬೇರೆ, ಎರಡಕ್ಕೂ ಜಗಳವಿಲ್ಲ. ಸೊಳ್ಳೆಯ ಚಿಂತೆಯಿದ್ದರೆ ಅದರಡಿ ಮನೆಯ ಸೊಳ್ಳೆಪರದೆಯನ್ನೇ ಇಳಿಬಿಟ್ಟು, ಅಂಚನ್ನು ಚಾಪೆಯಡಿ ಸಿಕ್ಕಿಸಿ. ಟೆಂಟೇ ಬೇಕೆನ್ನುವವರು ಎರಡು ಪದರದ್ದನ್ನು ಆರಿಸಿ, ಸೆಕೆಯ ರಾತ್ರಿ ಒಳಗಿನ ಜಾಲರಿ ಪದರವನ್ನಷ್ಟೇ ನಿಲ್ಲಿಸಿ ಮೇಲೆ ಟಾರ್ಪಾಲು ಕಟ್ಟಬಹುದು.

ಟೆಂಟಿನ ಚೀಟಿಯ ಮೇಲೆ 1,500 ಮಿಲಿಮೀಟರ್, 2,000 ಮಿಲಿಮೀಟರ್ ಎಂದು ಬರೆದಿರುತ್ತದೆ. ಅದು ಮಳೆಯ ಪ್ರಮಾಣವೆಂದು ಅನೇಕರು ತಿಳಿದಿದ್ದಾರೆ. ಆ ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಹನಿ ಜಿನುಗುವುದಿಲ್ಲ ಎಂದು ಅದರ ಅರ್ಥ. ಮಾಡಿಗೆ 1,500 ಇದ್ದರೆ ನಮ್ಮ ಬೇಸಿಗೆ ಮಳೆಗೆ ಧಾರಾಳವಾಯಿತು. ಮೈಭಾರ ಬೀಳುವ ತಳಕ್ಕೆ ಇನ್ನೂ ಹೆಚ್ಚಿರಬೇಕು. ಅಷ್ಟಕ್ಕೂ ಸೋರುವುದು ಬಹುಪಾಲು ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಕೊಳ್ಳುವಾಗ ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಮೇಲೆ ಟೇಪು ಅಂಟಿಸಿದೆಯೇ ಎಂದು ಬೆರಳಾಡಿಸಿ ನೋಡಿ.

ಟೆಂಟಿನ ಜೊತೆ ಬರುವ ತೆಳು ಗೂಟಗಳು ಮಲೆನಾಡಿನ ಜಂಬಿಟ್ಟಿಗೆ ನೆಲಕ್ಕೆ ಲಾಯಕ್ಕಲ್ಲ. ಮೊದಲ ಪೆಟ್ಟಿಗೆ ಬಾಗುತ್ತವೆ, ಎರಡನೆಯದಕ್ಕೆ ತಲೆ ತಿರುಗಿಸುತ್ತವೆ. ಕಲ್ಲಿಗೆ ಹಗ್ಗ ಸುತ್ತಿ ಅದರ ಮುಂದೆ ಇನ್ನೊಂದು ದೊಡ್ಡ ಕಲ್ಲು ಒತ್ತಿ ಇಟ್ಟರೆ ಗೂಟಕ್ಕಿಂತ ಭದ್ರ. ಗೂಟಕ್ಕೆ ಕೊಡುವ ದುಡ್ಡಿನಲ್ಲಿ ಹತ್ತು ಮೀಟರ್ ಒಳ್ಳೆಯ ಹಗ್ಗ ತನ್ನಿ. ಹಗಲು ಬಟ್ಟೆ ಒಣಗಿಸುವ ತಂತಿ, ರಾತ್ರಿ ಮಾಡಿನ ಆಧಾರ, ಹೊರಡುವಾಗ ಗಂಟುಮೂಟೆ ಕಟ್ಟುವ ಸಾಧನ. ಬಹುಪಯೋಗಿ ಎಂಬ ಬಿರುದು ಯಾರಿಗಾದರೂ ಸಲ್ಲಬೇಕಿದ್ದರೆ ಮೊದಲು ಹಗ್ಗಕ್ಕೆ ಸಲ್ಲಬೇಕು, ಆದರೆ ಅದರ ಮೇಲೆ ಯಾರೂ ಹಾಗೆ ಬರೆಯುವುದಿಲ್ಲ.

ಹ್ಯಾಮಕ್ ಅಥವಾ ತೂಗುಮಂಚದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೇಸಿಗೆಗೆ ಅದರಷ್ಟು ಒಗ್ಗುವ ಹಾಸಿಗೆ ಇನ್ನೊಂದಿಲ್ಲ, ಬೆನ್ನಡಿಯಲ್ಲೂ ಗಾಳಿ. ಹಗಲು ಕುರ್ಚಿ, ರಾತ್ರಿ ಮಂಚ. ಕಟ್ಟುವುದರಲ್ಲಿ ಮಾತ್ರ ಒಂದು ಲೆಕ್ಕವಿದೆ. ನೆಟ್ಟಗೆ, ಬಿಗಿಯಾಗಿ ಎಳೆದು ಕಟ್ಟಿದರೆ ಹಿತ ಎಂದುಕೊಳ್ಳುವವರೇ ಹೆಚ್ಚು. ಆದರೆ ಪಟ್ಟಿ ನೆಲಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿ ಇಳಿದಿದ್ದರೆ 70 ಕಿಲೋ ತೂಕದವರು ಮಲಗಿದಾಗ ಒಂದೊಂದು ಪಟ್ಟಿಯ ಮೇಲೂ 70 ಕಿಲೋದಷ್ಟೇ ಎಳೆತ. ಅದೇ 10 ಡಿಗ್ರಿಗೆ ಬಿಗಿದರೆ ಎಳೆತ 200 ಕಿಲೋ ಮುಟ್ಟುತ್ತದೆ. ಹೊಲಿಗೆ ಹರಿಯುವುದು, ಗಂಟು ಜಾರುವುದು ಇಂಥಲ್ಲೇ. ಸಡಿಲವಾಗಿ ಕಟ್ಟಿ, ಬಟ್ಟೆಯಲ್ಲಿ ಓರೆಯಾಗಿ ಮಲಗಿದರೆ ಬೆನ್ನು ನೇರವಾಗಿ ಉಳಿಯುತ್ತದೆ. ತೆಳು ಹಗ್ಗ ಮರದ ತೊಗಟೆ ಸೀಳುವುದರಿಂದ ಎರಡು ಬೆರಳಗಲದ ಪಟ್ಟಿಯೇ ಬೇಕು. ಹಿನ್ನೀರಿನ ಒಣ ಬೊಡ್ಡೆಗಳು ಕಲ್ಲಿನ ಕಂಬದಂತೆ ಕಂಡರೂ ಬುಡ ಕೊಳೆತಿರುತ್ತದೆ. ಜೀವಂತ ಮರಕ್ಕಷ್ಟೇ ಕಟ್ಟಿ. ಕರಾವಳಿಗೆ ಹೋದವರು ಎರಡು ತೆಂಗಿನ ಮರಗಳ ನಡುವೆ ಕಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ ಆದ ಮೇಲೆ ಬಿಚ್ಚಿಬಿಡಿ, ಕಾಯಿ ಬೀಳುವ ಮುನ್ನ ಹೇಳಿ ಬೀಳುವುದಿಲ್ಲ.

ಸಂಜೆ ನಾಲ್ಕರ ಸುಮಾರಿಗೆ ಎರಡನೆಯ ಪರೀಕ್ಷೆ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆ ಹೇಳದೆ ಕೇಳದೆ ಬರುತ್ತದೆಂಬ ಮಾತಿದೆ, ಆದರೆ ಬೇಕಾದಷ್ಟು ಹೇಳಿಯೇ ಬರುತ್ತದೆ. ಮಧ್ಯಾಹ್ನದ ಸೆಕೆ ಒಮ್ಮೆಲೇ ನಿಲ್ಲುತ್ತದೆ, ಗಾಳಿ ದಿಕ್ಕು ಬದಲಿಸುತ್ತದೆ, ಹಿನ್ನೀರಿನ ಮೇಲೆ ಸಣ್ಣ ತೆರೆಗಳು ಏಳುತ್ತವೆ. ಈ ಮಳೆಯ ಅಪಾಯ ನೀರಿಗಿಂತ ಸಿಡಿಲಿನದು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು. ಎಣಿಕೆ 30 ದಾಟುವ ಮೊದಲೇ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ದೋಣಿಯಲ್ಲಿದ್ದವರು ದಡಕ್ಕೆ, ದಡದಲ್ಲಿದ್ದವರು ಗಟ್ಟಿ ಕಟ್ಟಡಕ್ಕೋ ಕಾರಿಗೋ ಹೋಗಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು. ಟೆಂಟಾಗಲಿ, ಟಾರ್ಪಾಲಾಗಲಿ ಸಿಡಿಲಿಗೆ ರಕ್ಷಣೆಯಲ್ಲ, ಅದಕ್ಕೆಷ್ಟೇ ಬೆಲೆ ಕೊಟ್ಟಿರಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಎರಡೂ ಉಚಿತ. ಸಿಗ್ನಲ್ ಇರುವಲ್ಲಿ ತೆರೆದು ನೋಡಿಕೊಳ್ಳಿ. ಒಣಗಿದ ಹಳ್ಳದ ಪಾತ್ರ ಮರಳು ಹಾಸಿದ ಹಾಸಿಗೆಯ ಹಾಗೆ ಕರೆಯುತ್ತದೆ, ಅಲ್ಲಿ ಮಲಗಬೇಡಿ. ಮೇಲೆಲ್ಲೋ ಸುರಿದ ಮಳೆ ರಾತ್ರಿ ಅಲ್ಲಿಗೆ ಬರುತ್ತದೆ.

ಮಳೆ ನಿಂತ ಮೇಲೆ ಹಿನ್ನೀರಿನ ಕಡೆಯಿಂದ ಥಂಡಿ ಗಾಳಿ. ಆಗ ಕಂಬಳಿ. ಮಲೆನಾಡಿನ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಮಾಡಿದವರಿಗೆ ಪಾಂಚೋ ಹೊಸ ಶೋಧನೆಯೇನಲ್ಲ. ಚಳ್ಳಕೆರೆ, ಮೆಡ್ಲೇರಿ ಕಡೆ ನೇಯುವ ಕಂಬಳಿ ದಖ್ಖನಿ ಕುರಿಯ ಒರಟು ಉಣ್ಣೆಯದು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಗುಳಿ ಮಗ್ಗದಲ್ಲಿ ನೇಯುತ್ತಾರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಒಲೆಯ ಕಿಡಿ ಹಾರಿದರೆ ನೈಲಾನ್ ಜಾಕೆಟ್ಟಿಗೆ ಕ್ಷಣದಲ್ಲಿ ತೂತು, ಕಂಬಳಿಯ ಮೇಲೆ ಸಣ್ಣ ಕರಿ ಚುಕ್ಕಿ, ಅಷ್ಟೆ. ಮಧ್ಯಾಹ್ನ ಹಾಸು, ಸಂಜೆ ಶಾಲು, ರಾತ್ರಿ ಹೊದಿಕೆ: ಯಾವ ಎರಡು ಕೆಲಸವೂ ಒಟ್ಟಿಗೆ ಬೀಳವು. ದೋಷವೂ ಇದೆ. ಎರಡು ಕಿಲೋ ಆಸುಪಾಸು ತೂಕ, ನೆನೆದರೆ ಇನ್ನೂ ಭಾರ, ಎಳೆ ಚರ್ಮಕ್ಕೆ ಚುಚ್ಚುತ್ತದೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ನಾನಿದನ್ನು ಹೇಳಲಾರೆ; ದಡದವರೆಗೆ ಗಾಡಿ ಹೋಗುವಲ್ಲಿ ಸ್ಲೀಪಿಂಗ್ ಬ್ಯಾಗಿಗಿಂತ ಇದೇ ಮೇಲು. ಹೆಗಲ ಹೊರೆಯವರಿಗೆ ಹತ್ತಿಯ ಹೊದಿಕೆ ಮತ್ತು ತೆಳು ಸ್ವೆಟರು ಸಾಕು. ಸೊನ್ನೆ ಡಿಗ್ರಿಯ ಸ್ಲೀಪಿಂಗ್ ಬ್ಯಾಗನ್ನು ಶರಾವತಿಗೆ ತಂದು ಅದರ ಮೇಲೆ ಮಲಗುವವರನ್ನು ಕಂಡಿದ್ದೇನೆ, ಒಳಗೆ ಮಲಗಿದವರನ್ನಲ್ಲ.

ಗಾಳಿ ತುಂಬುವ ಹಾಸಿಗೆಗಿಂತ ಮಡಚುವ ಫೋಮ್ ಚಾಪೆ ಲೇಸು. ಹಾಸಿಗೆಯ ಮೇಲೆ ಬರೆದಿರುವ ಆರ್-ಮೌಲ್ಯ ನೆಲದ ಚಳಿ ತಡೆಯುವ ಶಕ್ತಿಯ ಅಳತೆ. ನಮ್ಮ ಬೇಸಿಗೆಗೆ ಒಂದಿದ್ದರೂ ಆಯಿತು, ಹೆಚ್ಚಿನದಕ್ಕೆ ಕೊಡುವ ದುಡ್ಡು ದಂಡ. ಫೋಮಿಗೆ ಮುಳ್ಳು ಚುಚ್ಚಿದರೆ ಚಿಂತೆಯಿಲ್ಲ, ಹಗಲು ನಾಲ್ಕಾಗಿ ಮಡಚಿ ಮಣೆ ಮಾಡಿಕೊಳ್ಳಬಹುದು. ಗಾಳಿ ಹಾಸಿಗೆಯನ್ನು ನೀರಿಗೆ ಬಿಟ್ಟು ತೇಲುವ ಚಟ ಕೆಲವರಿಗಿದೆ. ಬೊಡ್ಡೆಗಳು ನೀರಡಿ ಅಡಗಿರುವ ಜಲಾಶಯದಲ್ಲಿ ಇದು ಜೀವದ ಜೊತೆಗಿನ ಆಟ. ಬಹುಪಯೋಗಕ್ಕೆ ಗೆರೆ ಎಳೆಯಬೇಕಾದ್ದು ಇಲ್ಲಿ. ಲೈಫ್ ಜಾಕೆಟ್ಟಿಗೆ ಇರುವುದು ಒಂದೇ ಕೆಲಸ, ಆ ಕೆಲಸ ಬೇರಾವುದೂ ಮಾಡುವುದಿಲ್ಲ. ಈಜು ಬಲ್ಲವರೂ ಬಕಲ್ ಹಾಕಿಕೊಂಡೇ ನೀರಿಗಿಳಿಯಬೇಕು.

ಜೇಬಿನ ಸಾಧನಗಳ ಕತೆ ಸ್ವಾರಸ್ಯದ್ದು. 1897ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ತಾನು ಸೇನಾಧಿಕಾರಿಗಳಿಗೆಂದು ಮಾಡಿದ ಚಾಕುವನ್ನು ನೋಂದಾಯಿಸಿದ. ಇವತ್ತಿನ ಕೆಂಪು ಸ್ವಿಸ್ ಚಾಕುವಿನ ಮೂಲ ಅದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೇ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಕೆಟ್ಟ ಗಾಡಿ, ಸೋರುವ ನಲ್ಲಿಗಳ ಜೊತೆ ಗುದ್ದಾಡಿ, ಜೇಬಿನ ಚಾಕುವಿಗೆ ಇಕ್ಕಳವೂ ಇದ್ದಿದ್ದರೆ ಎಂದುಕೊಂಡ. ಆ ಯೋಚನೆ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಈ ಸಾಧನ ನನ್ನ ಅಳತೆಗೋಲಲ್ಲಿ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಇಕ್ಕಳ, ಗರಗಸ, ಸ್ಕ್ರೂಡ್ರೈವರ್ ಒಂದೇ ಕ್ಷಣಕ್ಕೆ ಬೇಕಾಗುವುದು ಅಪರೂಪ. ಬಿಸಿ ಪಾತ್ರೆ ಹಿಡಿಯಲು, ಬಾಗಿದ ಗೂಟ ನೆಟ್ಟಗೆ ಮಾಡಲು ಇಕ್ಕಳವೊಂದೇ ಅದರ ಬೆಲೆ ತೀರಿಸುತ್ತದೆ. ಹತ್ತಕ್ಕಿಂತ ಹೆಚ್ಚು ಅಲಗಿನದು ಬೇಡ; ಮೀನಿನ ಹುರುಪೆ ತೆಗೆಯುವ ಅಲಗು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಮೀನು ಹಾಳಾಗುತ್ತದೆ.

ದೀಪ-ಫ್ಯಾನ್-ಪವರ್‌ಬ್ಯಾಂಕ್ ಮೂರೂ ಒಂದಾದದ್ದು ಮಾತ್ರ ನಪಾಸು. ಲೆಕ್ಕ ನೋಡಿ. 10,000 ಮಿಲಿಆ್ಯಂಪ್-ಅವರ್‌ನ ಬ್ಯಾಟರಿ 3.7 ವೋಲ್ಟಿನಲ್ಲಿ ಕೊಡುವುದು 37 ವಾಟ್-ಅವರ್. ಮೂರು ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 24 ಖರ್ಚು. ಇವತ್ತಿನ ಸಾಮಾನ್ಯ ಫೋನು ಒಮ್ಮೆ ತುಂಬಲು 19ರಷ್ಟು. ದೀಪ ಹಚ್ಚುವ ಮೊದಲೇ ಲೆಕ್ಕ ತಪ್ಪಿತು. ಫ್ಯಾನು, ದೀಪ, ಫೋನು ಮೂರೂ ಬೇಕಾಗುವುದು ರಾತ್ರಿಯೇ. ಒಂದು ಸ್ವಿಚ್ಚು ಕೆಟ್ಟರೆ ಮೂರೂ ಹೋದವು. ಹಣೆಗೆ ಕಟ್ಟುವ ಬೇರೆ ದೀಪ, ಬೇರೆ ಪವರ್‌ಬ್ಯಾಂಕ್ ಇಟ್ಟುಕೊಳ್ಳಿ. ನೂರು ಲ್ಯೂಮೆನ್ ಬೆಳಕು ಅಡುಗೆಗೂ ಓಡಾಟಕ್ಕೂ ಸಾಕು. ಸಾವಿರದ ದೀಪ ಹುಳ ಕರೆಯುತ್ತದೆ, ಪಕ್ಕದ ಬಿಡಾರದವರ ಬೈಗುಳವನ್ನೂ.

ರೈಲಿನಲ್ಲಿ ಹೋಗುವವರು ಗ್ಯಾಸ್ ಡಬ್ಬಿಯ ಸ್ಟೌವ್ ಮನೆಯಲ್ಲೇ ಬಿಡಬೇಕು. ಗ್ಯಾಸು, ಸ್ಪಿರಿಟ್ಟು, ಸೀಮೆಎಣ್ಣೆ ಯಾವುದನ್ನೂ ಬೋಗಿಗೆ ತರುವಂತಿಲ್ಲ. ಕಾಡಿನಂಚಿನಲ್ಲಿ ಬೇಸಿಗೆಯ ಬೆಂಕಿ ಅಪರಾಧ ಮಾತ್ರವಲ್ಲ, ಒಂದು ಕಿಡಿಗೆ ಇಡೀ ಗುಡ್ಡ ಹೋಗುತ್ತದೆ. ಸ್ಟೌವ್ ಇಲ್ಲದಿದ್ದರೆ ನಮಗೇನು ಉಪವಾಸವೇ? ಗೊಜ್ಜವಲಕ್ಕಿ ಪುಡಿಗೆ ನೀರು ಚಿಮುಕಿಸಿದರೆ ತಿಂಡಿ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಮಜ್ಜಿಗೆ ಯಾವುದು ಸೇರಿಸಿದರೂ ಊಟ. ಹೊರದೇಶದ ‘ರೆಡಿ ಮೀಲ್’ ಪೊಟ್ಟಣಕ್ಕೆ ಕುದಿನೀರು ಬೇಕು, ಇವಕ್ಕೆ ಅದೂ ಬೇಡ. ಕುಡಿಯುವ ನೀರು ಮಾತ್ರ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ. 0.1 ಮೈಕ್ರಾನಿನ ಕೈ ಫಿಲ್ಟರು ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ಸನ್ನಲ್ಲ. ಹಿನ್ನೀರು ಕುಡಿಯುವುದಾದರೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು.

ಜಿಪ್ ಪ್ಯಾಂಟಿನ ತೀರ್ಪು ಬಾಕಿಯಿದೆ. ಬೇರೆ ಕಡೆ ಒಳ್ಳೆಯದೇ, ಆದರೆ ಮಲೆನಾಡಿನ ಬೇಸಿಗೆಯಲ್ಲಿ ಅದರ ಜಿಪ್ ಬಿಚ್ಚುವಂತಿಲ್ಲ. ಕಾರಣ ಉಣ್ಣೆ ಹುಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಹುಳುವಿನಿಂದ. ಅದರ ಮರಿಗಳು ಒಣ ತರಗೆಲೆಯಲ್ಲಿ ಮುತ್ತಿಕೊಂಡಿರುವುದು ಬೇಸಿಗೆಯಲ್ಲೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಜೀವಗಳನ್ನು ಬಲಿ ಪಡೆದದ್ದು ನೆನಪಿರಬಹುದು. ಆದ್ದರಿಂದ ಬಿಡಾರ ಬಯಲು ಮಣ್ಣಿನ ಮೇಲಿರಲಿ, ತರಗೆಲೆಯ ಮೇಲೆ ಬೇಡ. ತಿಳಿ ಬಣ್ಣದ ಉದ್ದ ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತೂರಿಸಿ. ಹುಳು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ ಡೆಪಾ ತೈಲ ಸವರಿಕೊಳ್ಳಬಹುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನು ಎಲ್ಲಿ ಬೇಕೆಂದರಲ್ಲಿ ಬಿಡಾರ ಹೂಡುವ ಕಾಲ ಹೋಯಿತು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಹಲವು ಚಾರಣ ಹಾದಿಗಳನ್ನು ಅರಣ್ಯ ಇಲಾಖೆ ಮುಚ್ಚುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಮೇಲೆ ಆನ್‌ಲೈನ್ ಬುಕಿಂಗಿನ ನಿಯಮ ಬಿಗಿಯಾಗಿದೆ. ಹೊನ್ನೇಮರಡುವಿಗೂ ಮೊದಲೇ ಕಾಯ್ದಿರಿಸಿಯೇ ಹೋಗಬೇಕು. ಮೊದಲ ಸಲ ಹೊರಡುವವರು ಟೆಂಟನ್ನು ಬಾಡಿಗೆಗೆ ತನ್ನಿ, ಟಾರ್ಪಾಲು-ಹಗ್ಗವನ್ನು ಕೊಳ್ಳಿ, ಕಂಬಳಿಯನ್ನು ಮನೆಯ ಅಟ್ಟದಿಂದ ಇಳಿಸಿ. ಕೊನೆಯದಾಗಿ ಒಂದು ಎಚ್ಚರಿಕೆ: ಮಂಗನ ಕಾಯಿಲೆಯ ಲಕ್ಷಣ ಕಾಣಿಸುವುದು ಹುಳು ಕಚ್ಚಿದ ಮೂರರಿಂದ ಎಂಟು ದಿನಕ್ಕೆ. ಮನೆಗೆ ಮರಳಿದ ಮೇಲೆ ಆ ಅವಧಿಯಲ್ಲಿ ಜ್ವರ, ತಲೆನೋವು ಬಂದರೆ ವೈದ್ಯರಿಗೆ ಮಲೆನಾಡಿನ ಕಾಡಂಚಿನಲ್ಲಿ ಮಲಗಿ ಬಂದ ವಿಷಯವನ್ನು ತಪ್ಪದೆ ಹೇಳಿ.